ಮುಚ್ಚಿದ ಬೆಡ್‌ರೂಮಿನ ಗಾಳಿ: ಅಳೆಯುವುದು, ಲೆಕ್ಕ ಹಾಕುವುದು, ಸರಿಪಡಿಸುವುದು

ರಾತ್ರಿ ಹತ್ತಕ್ಕೆ ಎ.ಸಿ. ಹಾಕಿ, ಕಿಟಕಿ ಬಾಗಿಲು ಭದ್ರ ಮಾಡಿಕೊಂಡು ಇಬ್ಬರು ಮಲಗಿದರೆ, ಬೆಳಿಗ್ಗೆ ಆರಕ್ಕೆ ಆ ಕೋಣೆಯ ಕಾರ್ಬನ್ ಡೈಆಕ್ಸೈಡ್ 2,500 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂಬ ಅಳತೆ) ದಾಟಿರುವುದು ಅಪರೂಪವೇನಲ್ಲ. ಹೊರಗಿನ ಗಾಳಿಯಲ್ಲಿ ಅದು ಇರುವುದು 430ರ ಆಸುಪಾಸು. ಎದ್ದಾಗ ತಲೆ ಭಾರ, ಬಾಯಿ ಒಣ, ಕೋಣೆಯಲ್ಲಿ ಒಂದು ಥರದ ಹಳಸು ವಾಸನೆ. ಆ ವಾಸನೆ ಹೊರಗಿನಿಂದ ಬಂದವರಿಗೆ ಮಾತ್ರ ತಟ್ಟುತ್ತದೆ, ಒಳಗೇ ಮಲಗಿದ್ದವರ ಮೂಗಿಗೆ ಅದು ರೂಢಿಯಾಗಿಬಿಟ್ಟಿರುತ್ತದೆ. ಮೀಟರ್ ಬೇಕಾಗುವುದು ಅದಕ್ಕೇ.

2,500 ಹೇಗೆ ಬಂತು? ಮಲಗಿರುವ ದೊಡ್ಡವರೊಬ್ಬರು ಗಂಟೆಗೆ ಸುಮಾರು 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಕೂತು ಕೆಲಸ ಮಾಡುವಾಗ ಇದು 18 ಲೀಟರಿನಷ್ಟಾಗುತ್ತದೆ, ಎಂಟು ಹತ್ತು ವರ್ಷದ ಮಕ್ಕಳು ಮಲಗಿದ್ದಾಗ ಎಂಟೊಂಬತ್ತು ಲೀಟರ್. 10×12 ಅಡಿಯ ಕೋಣೆ, 10 ಅಡಿ ಎತ್ತರದ ಸೂರು ಅಂದರೆ 34 ಘನ ಮೀಟರ್ ಗಾಳಿ. ಇದಕ್ಕೆ ಇಬ್ಬರಿಂದ ಗಂಟೆಗೆ 24 ಲೀಟರ್ ಸೇರಿದರೆ ಮೊದಲ ಗಂಟೆಯಲ್ಲೇ 600-700 ಪಿಪಿಎಂ ಏರುತ್ತದೆ. ಬಿಗಿಯಾಗಿ ಮುಚ್ಚಿದ ಯುಪಿವಿಸಿ ಕಿಟಕಿಯ ಕೋಣೆಯಲ್ಲಿ ಸಂದುಗೊಂದುಗಳಿಂದ ಗಂಟೆಗೆ 10 ಘನ ಮೀಟರ್ ಹೊರಗಾಳಿ ಬಂದರೆ ಅದೇ ಹೆಚ್ಚು. ಇನ್ನು ಉಳಿದದ್ದು ಒಂದು ಭಾಗಾಕಾರ (12 ಲೀಟರ್ ಅಂದರೆ 12,000 ಮಿಲಿಲೀಟರ್, ಘನ ಮೀಟರಿಗೆ ಒಂದು ಮಿಲಿಲೀಟರ್ ಅಂದರೆ ಒಂದು ಪಿಪಿಎಂ):

ಹೊರಗಿಗಿಂತ ಹೆಚ್ಚುವರಿ ಪಿಪಿಎಂ = ಮಲಗಿದವರ ಸಂಖ್ಯೆ × 12,000 ÷ ಗಂಟೆಗೆ ಬರುವ ಹೊರಗಾಳಿ (ಘನ ಮೀಟರ್)

ಇಬ್ಬರಿಗೆ 24,000 ÷ 10 = 2,400. ಹೊರಗಿನ 430 ಕೂಡಿಸಿದರೆ 2,830. ಎಂಟು ಗಂಟೆಯಲ್ಲಿ ಅದರ ಸಮೀಪ ಬಂದಿರುತ್ತದೆ. ಈ ಒಂದು ಸಾಲಿನ ಲೆಕ್ಕವನ್ನು ಕೈಯಲ್ಲಿಟ್ಟುಕೊಳ್ಳಿ, ಮುಂದೆ ಮಾಡುವ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ.

ಈ ಅಂಕಿ ಹೇಳುವುದು ಏನನ್ನು

1,000 ದಾಟಿದ ಕೂಡಲೇ ಗಾಳಿ ವಿಷವಾಗುತ್ತದೆ ಎಂಬ ಗಾಬರಿ ಬೇಡ. ಕಾರ್ಖಾನೆ, ಗೋದಾಮುಗಳಿಗೆ ಅಮೆರಿಕದ ಉದ್ಯೋಗ ಸುರಕ್ಷತಾ ನಿಯಮ ಇಟ್ಟಿರುವ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ 5,000 ಪಿಪಿಎಂ. 1,000ದ ಗೆರೆ ಬಂದದ್ದು ಬೇರೆ ದಾರಿಯಲ್ಲಿ. 1858ರಲ್ಲಿ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್, ಜನರಿಂದ ತುಂಬಿದ ಕೋಣೆಯ ಗಾಳಿ ಕೆಟ್ಟಿದೆಯೇ ಎಂದು ತಿಳಿಯಲು ಕಾರ್ಬನ್ ಡೈಆಕ್ಸೈಡನ್ನು ಗುರುತಾಗಿ ಬಳಸಿ, ಸಾವಿರದಲ್ಲಿ ಒಂದು ಪಾಲನ್ನು ಅಂಚು ಎಂದ. ಆ ಅನಿಲವೇ ಅಪಾಯ ಎಂದು ಅವನು ಹೇಳಲಿಲ್ಲ. ಉಸಿರು, ಬೆವರು ಎಲ್ಲ ಎಷ್ಟು ಸೇರಿಕೊಂಡಿದೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ.

ಇವತ್ತಿಗೂ ಅದೇ ಸರಿಯಾದ ಓದು. ನಾವು ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 4ರಷ್ಟಿರುತ್ತದೆ, ಅಂದರೆ 40,000 ಪಿಪಿಎಂ. ಕೋಣೆಯಲ್ಲಿ 2,430 ಇದ್ದರೆ ಹೆಚ್ಚುವರಿ 2,000, ಅದು 40,000ದ ಇಪ್ಪತ್ತನೇ ಒಂದು ಭಾಗ. ನೀವು ಎಳೆದುಕೊಳ್ಳುವ ಇಪ್ಪತ್ತು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. ಮನೆಯಲ್ಲಿ ಒಬ್ಬರಿಗೆ ಫ್ಲೂ ಇದ್ದಾಗ ಈ ಲೆಕ್ಕ ಬರೀ ಲೆಕ್ಕವಾಗಿ ಉಳಿಯುವುದಿಲ್ಲ.

1,000ದಿಂದ 2,500ರವರೆಗಿನ ಮಟ್ಟದಲ್ಲಿ ಯೋಚನಾಶಕ್ತಿ ಕುಗ್ಗುತ್ತದೆ ಎಂದು 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತು. ಅದಾದ ಮೇಲಿನ ಕೆಲವು ಪ್ರಯೋಗಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ, ವಾದ ಇನ್ನೂ ಮುಗಿದಿಲ್ಲ. ಮನೆಯ ಮಟ್ಟಿಗೆ ಗುರಿ ಸರಳವಾಗಿರಲಿ: 800ರ ಒಳಗೆ ಚೆನ್ನ, 1,000-1,200 ಸಹಿಸಬಹುದು, 1,500 ದಾಟಿದರೆ ಗಾಳಿಯ ದಾರಿ ಸರಿಪಡಿಸಬೇಕು.

ಮೀಟರ್ ಕೊಳ್ಳುವಾಗ

ತೀರಾ ಅಗ್ಗದ ಬಹಳಷ್ಟು ಮೀಟರುಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಅವುಗಳಲ್ಲಿ ಇರುವುದು ವಾಸನೆಯ ಆವಿಗಳಿಗೆ ಸ್ಪಂದಿಸುವ ಲೋಹದ ಆಕ್ಸೈಡಿನ ಪುಟ್ಟ ಸೆನ್ಸರ್. ಅದರ ಏರಿಳಿತವನ್ನೇ ಒಂದು ಅಂದಾಜಿನ ಸೂತ್ರಕ್ಕೆ ಹಾಕಿ ಪರದೆಯ ಮೇಲೆ ಪಿಪಿಎಂ ಅಂತ ತೋರಿಸುತ್ತಾರೆ. ಪರೀಕ್ಷೆ ಸುಲಭ. ಸ್ಯಾನಿಟೈಸರ್ ಹಚ್ಚಿದ ಕೈಯನ್ನೋ ಹೆಚ್ಚಿದ ಈರುಳ್ಳಿಯನ್ನೋ ಹತ್ತಿರ ಹಿಡಿಯಿರಿ. ಉಸಿರು ತಾಗದ ಹಾಗೆ ಹಿಡಿದರೂ ಅಂಕಿ ಸರ್ರನೆ ಏರಿದರೆ ಅದು ಕಾರ್ಬನ್ ಡೈಆಕ್ಸೈಡ್ ಮೀಟರಲ್ಲ. ವಾಪಸ್ ಮಾಡಿ.

ಬೇಕಾದದ್ದು ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್, ಇಲ್ಲವೇ ಅದೇ ತತ್ವದ ಫೋಟೋಅಕೌಸ್ಟಿಕ್ ಸೆನ್ಸರ್. ಕಾರ್ಬನ್ ಡೈಆಕ್ಸೈಡ್ 4.26 ಮೈಕ್ರಾನ್ ತರಂಗದ ಬೆಳಕನ್ನು ಹೀರುತ್ತದೆ. ಎಷ್ಟು ಹೀರಿತು ಎಂಬುದರಿಂದ ಎಷ್ಟು ಅನಿಲವಿದೆ ಎಂದು ಗೊತ್ತಾಗುತ್ತದೆ. ವಿವರದಲ್ಲಿ ಸೆನ್ಸಿರಿಯಾನ್ ಎಸ್‌ಸಿಡಿ40, ಎಸ್‌ಸಿಡಿ41, ಸೆನ್ಸ್‌ಏರ್ ಎಸ್8, ವಿನ್ಸೆನ್ ಎಂಎಚ್-ಝಡ್19 ಇಂಥ ಸೆನ್ಸರ್ ಹೆಸರಿದ್ದರೆ ನಂಬಬಹುದು. ಇವು 50 ಪಿಪಿಎಂ ಮತ್ತು ಅದರ ಮೇಲೆ ಓದಿದ ಅಂಕಿಯ ಶೇ. 3ರಿಂದ 5ರಷ್ಟು ಆಚೀಚೆ ಹೋಗುತ್ತವೆ. ಹಾಗಾಗಿ 980 ಮತ್ತು 1,040ರ ನಡುವಿನ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ರಾತ್ರಿಯಿಡೀ ಗ್ರಾಫ್ ಉಳಿಸಿಕೊಡುವ ಮೀಟರಾದರೆ ಹಣ ಸಾರ್ಥಕ. ಬರೀ ಈ ಕ್ಷಣದ ಅಂಕಿ ತೋರಿಸುವಂಥದ್ದಾದರೆ ರಾತ್ರಿ ಎರಡಕ್ಕೆ ಎದ್ದು ನೋಡಬೇಕಾಗುತ್ತದೆ.

ಎರಡು ಕಡೆ ಮೀಟರ್ ಮೋಸ ಮಾಡುತ್ತದೆ. ಮೊದಲನೆಯದು ತಂತಾನೇ ಕ್ಯಾಲಿಬ್ರೇಟ್ ಆಗುವ, ಅಂದರೆ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುವ ವ್ಯವಸ್ಥೆ. ಕಳೆದ ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿ ಎಂದು ಸೆನ್ಸರ್ ಎಣಿಸಿಕೊಂಡು, ಅದನ್ನು 400 ಎಂದು ಗುರುತು ಹಾಕಿಕೊಳ್ಳುತ್ತದೆ. ಎಸ್8 ಸೆನ್ಸರಿಗೆ ಈ ಅವಧಿ ಎಂಟು ದಿನ, ಎಂಎಚ್-ಝಡ್19ಕ್ಕೆ ಒಂದೇ ದಿನ. ನಿಮ್ಮ ಕೋಣೆ ಆ ಅವಧಿಯಲ್ಲಿ 700ಕ್ಕಿಂತ ಕೆಳಗೆ ಇಳಿಯಲೇ ಇಲ್ಲ ಅನ್ನಿ, ಆ 700 ನಿಧಾನಕ್ಕೆ 400 ಆಗಿಬಿಡುತ್ತದೆ. ಗಾಳಿ ಎಷ್ಟು ಕೆಟ್ಟಿದೆಯೋ ಮೀಟರ್ ಅಷ್ಟು ಸುಳ್ಳು ಹೇಳುತ್ತದೆ. ಈ ವ್ಯವಸ್ಥೆಯನ್ನು ಆಫ್ ಮಾಡಲು ಬಂದರೆ ಆಫ್ ಮಾಡಿ. ಬಾರದಿದ್ದರೆ ವಾರಕ್ಕೊಮ್ಮೆ, ಎಂಎಚ್-ಝಡ್19 ಆದರೆ ದಿನಕ್ಕೊಮ್ಮೆ, ಅರ್ಧ ಗಂಟೆ ಬಾಲ್ಕನಿಯಲ್ಲಿಡಿ.

ಎರಡನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹತ್ತರಲ್ಲೊಂದು ಪಾಲು ತೆಳು. ಸೆನ್ಸರ್ ಎಣಿಸುವುದು ಬೆಳಕಿನ ದಾರಿಯಲ್ಲಿ ಸಿಕ್ಕ ಅಣುಗಳನ್ನು, ಹಾಗಾಗಿ ಎತ್ತರದ ಊರಿನಲ್ಲಿ ಅಂಕಿ ಕಡಿಮೆ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಎತ್ತರ ನಮೂದಿಸಲು ಜಾಗವಿದ್ದರೆ ಬೆಂಗಳೂರಿಗೆ 920, ಮಡಿಕೇರಿಗೆ 1,150 ಹಾಕಿ. ಇಲ್ಲದಿದ್ದರೆ ನಿಮ್ಮ ಊರಿನಲ್ಲೇ ಹೊರಗಿಟ್ಟು ಕ್ಯಾಲಿಬ್ರೇಟ್ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕ್ಯಾಲಿಬ್ರೇಟ್ ಮಾಡುವಾಗ ನೆರಳಿನಲ್ಲಿ, ರಸ್ತೆಯಿಂದ ದೂರ, ಮಹಡಿಯ ಮೇಲಾದರೆ ಒಳ್ಳೆಯದು, ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಬಟನ್ ಒತ್ತಿ. ಪಕ್ಕದಲ್ಲಿ ಬಗ್ಗಿ ನೋಡುತ್ತಾ ನಿಲ್ಲಬೇಡಿ, ನಿಮ್ಮ ಉಸಿರೇ ಲೆಕ್ಕ ಕೆಡಿಸುತ್ತದೆ.

ಒಂದು ರಾತ್ರಿ, ಒಂದು ಬೆಳಗ್ಗೆ

ಮೀಟರನ್ನು ಮಲಗಿದಾಗ ತಲೆ ಇರುವ ಎತ್ತರದಲ್ಲಿ, ಮೂಗಿನಿಂದ ಕನಿಷ್ಠ ಒಂದು ಮೀಟರ್ ದೂರ ಇಡಿ. ದಿಂಬಿನ ಪಕ್ಕ ಇಟ್ಟರೆ ಅದು ಕೋಣೆಯನ್ನಲ್ಲ, ನಿಮ್ಮ ಬಾಯನ್ನು ಅಳೆಯುತ್ತದೆ. ಕಿಟಕಿಯ ಕಟ್ಟೆಯೂ ಬೇಡ, ಎ.ಸಿ. ಗಾಳಿ ನೇರ ಬೀಳುವ ಜಾಗವೂ ಬೇಡ. ಕಾರ್ಬನ್ ಡೈಆಕ್ಸೈಡ್ ಭಾರ, ನೆಲದ ಮೇಲೆ ಕೂತಿರುತ್ತದೆ ಎಂದು ಕೆಲವರು ಕೆಳಗಿಡುತ್ತಾರೆ. ಮನುಷ್ಯರು ಉಸಿರಾಡುವ ಕೋಣೆಯಲ್ಲಿ ದೇಹದ ಬಿಸಿಗೇ ಗಾಳಿ ಕಲಕುತ್ತಿರುತ್ತದೆ, ಫ್ಯಾನ್ ತಿರುಗುತ್ತಿದ್ದರಂತೂ ಮೇಲೆ ಕೆಳಗೆ ಎಲ್ಲ ಒಂದೇ.

ಮೊದಲ ರಾತ್ರಿ ಏನನ್ನೂ ಬದಲಿಸಬೇಡಿ, ಎಂದಿನಂತೆ ಮಲಗಿ. ಬೆಳಿಗ್ಗೆ ಎಲ್ಲರೂ ಎದ್ದು ಕೋಣೆಯಿಂದ ಹೊರಬಂದು ಬಾಗಿಲು ಎಳೆದುಕೊಳ್ಳಿ. ಫ್ಯಾನ್ ಮಾತ್ರ ನಿಧಾನಕ್ಕೆ ತಿರುಗುತ್ತಿರಲಿ. ಹಾಲಿನ ಕಿಟಕಿಗಳನ್ನು ತೆರೆದಿಡಿ, ಇಲ್ಲದಿದ್ದರೆ ಅಡುಗೆಮನೆಯ ಗಾಳಿ ಬಾಗಿಲ ಸಂದಿನಲ್ಲಿ ನುಸುಳಿ ಅಳತೆ ಕೆಡುತ್ತದೆ. ಈಗ ಹೆಚ್ಚುವರಿ ಪಿಪಿಎಂ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಮೀಟರ್ 2,230 ತೋರಿಸುತ್ತಿದ್ದರೆ ಹೆಚ್ಚುವರಿ 1,800. ಅದರ ಅರ್ಧ 900, ಅಂದರೆ ಮೀಟರಿನಲ್ಲಿ 1,330 ಕಾಣಬೇಕು. 2,230ರ ಅರ್ಧ 1,115 ಎಂದು ಲೆಕ್ಕ ಹಾಕುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಹೊರಗಿನ 430 ಎಂದೂ ಇಳಿಯುವುದಿಲ್ಲ, ಅದನ್ನು ಮೊದಲೇ ಕಳೆಯಬೇಕು.

0.7ನ್ನು (ಅರ್ಧಕ್ಕಿಳಿಯುವ ಲೆಕ್ಕಕ್ಕೆ ಯಾವಾಗಲೂ ಇದೇ ಅಂಕಿ) ಆ ಗಂಟೆಗಳಿಂದ ಭಾಗಿಸಿ. 2 ಗಂಟೆ 20 ನಿಮಿಷ ಹಿಡಿದರೆ 0.7 ÷ 2.33 = 0.3. ಕೋಣೆಯ ಗಾಳಿ ಗಂಟೆಗೆ 0.3 ಸಲ ಬದಲಾಗುತ್ತಿದೆ ಎಂದರ್ಥ. 34 ಘನ ಮೀಟರಿಗೆ ಗುಣಿಸಿದರೆ 10 ಘನ ಮೀಟರ್ ಚಿಲ್ಲರೆ. ಇದು ನಿಮ್ಮ ಕೋಣೆಯ ಈಗಿನ ಹುಟ್ಟುವಳಿ. ಇಬ್ಬರಿಗೆ 1,000ದಲ್ಲಿ ನಿಲ್ಲಿಸಬೇಕಾದರೆ 24,000 ÷ 570 = 42 ಘನ ಮೀಟರ್ ಬೇಕು, 800ಕ್ಕೆ 65. ಕೊರತೆ ಎಷ್ಟು ಎಂದು ಈಗ ಗೊತ್ತು.

ಫ್ಯಾನ್, ಎ.ಸಿ., ಗಿಡ, ಪ್ಯೂರಿಫೈಯರ್: ಯಾವುದೂ ಹೊರಗಾಳಿ ತರುವುದಿಲ್ಲ

ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಸ್ಪ್ಲಿಟ್ ಎ.ಸಿ.ಯ ಒಳಗಿನ ಮತ್ತು ಹೊರಗಿನ ಪೆಟ್ಟಿಗೆಗಳ ನಡುವೆ ಹೋಗುವುದು ಗ್ಯಾಸ್ ತುಂಬಿದ ತಾಮ್ರದ ಪೈಪು ಮತ್ತು ವೈರು, ಗಾಳಿಯಲ್ಲ. ಹಳೆಯ ವಿಂಡೋ ಎ.ಸಿ.ಗಳಲ್ಲಿ ‘ವೆಂಟ್’ ಎಂಬ ಸಣ್ಣ ಹಿಡಿಕೆ ಇರುತ್ತದೆ, ತೆರೆದರೆ ಅಷ್ಟಿಷ್ಟು ಬರುತ್ತದೆ. ಹೆಪಾ ಫಿಲ್ಟರಿನ ಪ್ಯೂರಿಫೈಯರ್ ಧೂಳು, ಹೊಗೆಗೆ ಒಳ್ಳೆಯದೇ, ಅನಿಲಕ್ಕೆ ಏನೂ ಮಾಡದು.

ಇನ್ನು ಗಿಡಗಳು. ಸ್ನೇಕ್ ಪ್ಲಾಂಟ್ ರಾತ್ರಿ ಹೊತ್ತು ಕಾರ್ಬನ್ ಡೈಆಕ್ಸೈಡ್ ಹೀರುವುದು ನಿಜ. ಆದರೆ ಮಲಗಿದವರೊಬ್ಬರು ಗಂಟೆಗೆ ಇಪ್ಪತ್ತು ಗ್ರಾಮಿಗಿಂತ ಹೆಚ್ಚು ಬಿಡುತ್ತಾರೆ, ಅದಕ್ಕೆ ಸರಿಗಟ್ಟಲು ಮಂಚಕ್ಕೂ ಜಾಗ ಉಳಿಯದಷ್ಟು ಕುಂಡ ಬೇಕು. ಎಲ್ಲರೂ ಉದಾಹರಿಸುವ ನಾಸಾದ 1989ರ ಅಧ್ಯಯನ ಮುಚ್ಚಿದ ಪೆಟ್ಟಿಗೆಯೊಳಗಿನ ಬೆಂಜೀನ್‌ನಂಥ ಆವಿಗಳ ಬಗ್ಗೆ. ಮನೆಯಲ್ಲಿ ಮಲಗುವವರ ಉಸಿರಿಗೂ ಅದಕ್ಕೂ ಸಂಬಂಧವಿಲ್ಲ. ಗಿಡ ಚಂದಕ್ಕೆ ಇರಲಿ.

ಹಳೆಯ ಮನೆಗಳಲ್ಲಿ ಈ ತೊಂದರೆ ಇರಲಿಲ್ಲವೇ ಎಂದರೆ, ಬಹುಮಟ್ಟಿಗೆ ಇರಲಿಲ್ಲ. ಮಂಗಳೂರು ಹೆಂಚಿನ ಸೂರು ಸಾವಿರ ಸಂದುಗಳಲ್ಲಿ ಉಸಿರಾಡುತ್ತಿತ್ತು. ಕಿಟಕಿಯ ಮೇಲೊಂದು ವೆಂಟಿಲೇಟರ್ ಇರುತ್ತಿತ್ತು, ಅದಕ್ಕೆ ಮುಚ್ಚಳವೇ ಇರುತ್ತಿರಲಿಲ್ಲ. ಈಗ ಸೊಳ್ಳೆ, ಧೂಳು, ಸದ್ದು ಮೂರಕ್ಕೂ ಹೆದರಿ ಎಲ್ಲವನ್ನೂ ಬಿಗಿದಿದ್ದೇವೆ.

ದುಡ್ಡಿಲ್ಲದೆ ಆಗುವ ಕೆಲಸ

ಮೊದಲು ಬೆಡ್‌ರೂಮ್ ಬಾಗಿಲು ತೆರೆದಿಟ್ಟು ಮಲಗಿ ನೋಡಿ. 800 ಚದರಡಿಯ ಮನೆಯಲ್ಲಿ 226 ಘನ ಮೀಟರ್ ಗಾಳಿ ಇದೆ. ಅದೇ 0.3 ಸೋರಿಕೆ ಎಂದುಕೊಂಡರೂ ಇಡೀ ಮನೆಗೆ ಗಂಟೆಗೆ 68 ಘನ ಮೀಟರ್. ಇಬ್ಬರೇ ಇದ್ದರೆ 800ರ ಒಳಗೇ ನಿಲ್ಲುತ್ತದೆ, ಇಬ್ಬರು ಮಕ್ಕಳೂ ಇದ್ದರೆ ಸಾವಿರದ ಸ್ವಲ್ಪ ಮೇಲೆ. ಎ.ಸಿ. ಇಲ್ಲದ ದಿನಗಳಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಬಾಗಿಲು ಮುಚ್ಚಲೇಬೇಕಾದರೆ ಬಡಗಿಯನ್ನು ಕರೆಸಿ ಬಾಗಿಲ ಕೆಳಗೆ ಒಂದು ಅಂಗುಲ ಕೊಯ್ಯಿಸಿ. ಆದರೆ ಬರೀ ಆ ಸಂದಿನಿಂದ ಹೆಚ್ಚೇನೂ ಆಗದು. ಗಾಳಿಯನ್ನು ಎಳೆಯುವ ಅಥವಾ ತಳ್ಳುವ ಇನ್ನೊಂದು ಕಿಂಡಿ ಜೊತೆಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಕಿಟಕಿಯ ವಿಷಯಕ್ಕೆ ಬಂದರೆ, ಉದ್ದುದ್ದದ ಸಂದು ಅಡ್ಡಡ್ಡದ ಸಂದಿಗಿಂತ ಮೇಲು. ತಂಪು ಗಾಳಿ ಕೆಳಗಿನಿಂದ ನುಗ್ಗಿ ಬೆಚ್ಚಗಿನದು ಮೇಲಿನಿಂದ ಹೋಗಲು ಎತ್ತರ ಬೇಕು. ಸ್ಲೈಡಿಂಗ್ ಕಿಟಕಿಯನ್ನು ಸ್ವಲ್ಪ ಸರಿಸಿದರೆ ಸಿಗುವುದು ಇಂಥ ಸಂದೇ. ನಾಲ್ಕಡಿ ಎತ್ತರದ ಕಿಟಕಿಯನ್ನು ಎರಡು ಅಂಗುಲ ಸರಿಸಿ, ಗಾಳಿಯೇ ಆಡದ ರಾತ್ರಿಯಲ್ಲಿ ಒಳಗೂ ಹೊರಗೂ 4 ಡಿಗ್ರಿ ವ್ಯತ್ಯಾಸವಿದ್ದರೆ ಗಂಟೆಗೆ 17 ಘನ ಮೀಟರಿನಷ್ಟು ಬರುತ್ತದೆ. ನಾಲ್ಕು ಅಂಗುಲ ಸರಿಸಿದರೆ ಅದರ ಎರಡರಷ್ಟು, ಸೋರಿಕೆಯ 10 ಸೇರಿ ಇಬ್ಬರಿಗೆ ಸಾಕು. ಸೊಳ್ಳೆ ಜಾಲರಿ ಇದ್ದರೆ ಅದು ಗಾಳಿಯನ್ನು ಅರ್ಧದಷ್ಟು ತಡೆಯಬಲ್ಲದು, ಧೂಳು ಕಟ್ಟಿದ ಜಾಲರಿ ಇನ್ನೂ ಹೆಚ್ಚು. ಹಾಗಾಗಿ ಸಂದನ್ನು ಇಮ್ಮಡಿ ಮಾಡಿ, ತಿಂಗಳಿಗೊಮ್ಮೆ ಜಾಲರಿಗೆ ಒದ್ದೆ ಬ್ರಷ್ ಹಾಕಿ. ಉಡುಪಿ, ಕಾರವಾರದ ಏಪ್ರಿಲ್ ರಾತ್ರಿಗಳಲ್ಲಿ ಒಳಗೂ ಹೊರಗೂ ಒಂದೇ ಸೆಕೆ, ಎಲೆ ಅಲ್ಲಾಡುವುದಿಲ್ಲ. ಆಗ ಕಿಟಕಿ ತೆರೆದಿದ್ದರೂ ಗಾಳಿ ಬಾರದು. ಫ್ಯಾನೇ ತಳ್ಳಬೇಕು.

ಅಟ್ಯಾಚ್ಡ್ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಇಲ್ಲಿ ಕೈಹಿಡಿಯುತ್ತದೆ. ಬಾತ್‌ರೂಮ್ ಬಾಗಿಲನ್ನು ಒಂದು ಗೇಣು ತೆರೆದು, ಬೆಡ್‌ರೂಮಿನ ಆಚೆ ಬದಿಯ ಕಿಟಕಿಯನ್ನು ಒಂದು ಅಂಗುಲ ಸರಿಸಿ, ಫ್ಯಾನನ್ನು ರಾತ್ರಿಯಿಡೀ ಬಿಡಿ. ಹೊರಗಾಳಿ ಕಿಟಕಿಯಿಂದ ಬಂದು ಮಂಚದ ಮೇಲೆ ಹಾದು ಬಾತ್‌ರೂಮಿನಿಂದ ಹೊರಬೀಳುತ್ತದೆ. ಕಿಟಕಿ ಮುಚ್ಚಿದ್ದರೆ ಇದೇ ಫ್ಯಾನ್ ಎಲ್ಲೆಲ್ಲಿಂದಲೋ ಗಾಳಿ ಎಳೆಯುತ್ತದೆ: ನೀರು ಆರಿದ ನೆಲದ ಟ್ರಾಪಿನಿಂದ ಗಟಾರದ ವಾಸನೆ, ಡಕ್ಟಿನಿಂದ ಕೆಳಮನೆಯ ಸಿಗರೇಟು. ಟಿಶ್ಯೂ ಪೇಪರಿನ ಚೂರನ್ನು ಕಿಟಕಿಯ ಸಂದಿಗೆ ಹಿಡಿದು ನೋಡಿ, ಅದು ಒಳಕ್ಕೆ ಬಾಗಬೇಕು. ಆ ಬಾತ್‌ರೂಮಿನಲ್ಲೋ ಪಕ್ಕದ ಯುಟಿಲಿಟಿಯಲ್ಲೋ ಗ್ಯಾಸ್ ಗೀಸರ್ ಇದ್ದರೆ ಮಾತ್ರ ಈ ಉಪಾಯ ಬೇಡವೇ ಬೇಡ. ಕಾರಣ ಕೊನೆಯಲ್ಲಿದೆ.

ಗೋಡೆಗೊಂದು ಸಣ್ಣ ಫ್ಯಾನ್

ರಸ್ತೆ ಬದಿಯ ಮನೆ, ಧೂಳು, ಸದ್ದು, ಕಿಟಕಿ ತೆರೆಯುವ ಮಾತೇ ಇಲ್ಲ ಎನ್ನುವವರಿಗೆ ಫಿಲ್ಟರ್ ಇರುವ, ಹೊರಗಾಳಿಯನ್ನು ಒಳಕ್ಕೆ ತಳ್ಳುವ ಫ್ಯಾನೇ ಶಾಶ್ವತ ಪರಿಹಾರ. ಒಳಕ್ಕೆ ತಳ್ಳಿದರೆ ಕೋಣೆಯ ಒತ್ತಡ ಕೂದಲೆಳೆಯಷ್ಟು ಹೆಚ್ಚಿ ಉಳಿದ ಸಂದುಗಳಿಂದ ಗಾಳಿ ಹೊರಹೋಗುತ್ತದೆ, ಧೂಳು ನುಸುಳುವುದಿಲ್ಲ. ಹೊರಕ್ಕೆ ಎಳೆಯುವ ಫ್ಯಾನ್ ಹಾಕಿದರೆ ಎಲ್ಲ ಸಂದುಗಳೂ ಸೋಸದ ಗಾಳಿಯ ಬಾಗಿಲಾಗುತ್ತವೆ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರು ನವೆಂಬರಿನ ಹೊಗೆಯಲ್ಲಿ ಈ ವ್ಯತ್ಯಾಸವನ್ನು ಮರೆಯಬಾರದು.

ಬೇಕಾದದ್ದು: ಗಂಟೆಗೆ 100 ಘನ ಮೀಟರ್ ಸಾಮರ್ಥ್ಯದ 4 ಅಂಗುಲದ ಇನ್‌ಲೈನ್ ಫ್ಯಾನ್ (ಪೈಪಿನ ನಡುವೆ ಕೂರುವಂಥದ್ದು), ವೇಗ ತಗ್ಗಿಸಲು ಬರುವಂಥದ್ದು, 110 ಮಿಲಿಮೀಟರ್ ಪಿವಿಸಿ ಪೈಪು, ಹೊರಬದಿಗೆ ಮಳೆ ತಡೆಯುವ ಮುಚ್ಚಳ, ಕೀಟದ ಜಾಲರಿ, ಒಳಗೆ ಫಿಲ್ಟರ್ ಪೆಟ್ಟಿಗೆ. ಡಬ್ಬಿಯ ಮೇಲೆ ಬರೆದಿರುವ 100 ಬಯಲಿನಲ್ಲಿ ತಿರುಗಿಸಿದಾಗಿನ ಅಂಕಿ. ಪೈಪು, ಜಾಲರಿ, ಫಿಲ್ಟರ್ ಎಲ್ಲ ಸೇರಿದ ಮೇಲೆ ಅರ್ಧ ಉಳಿದರೆ ಪುಣ್ಯ, ಅದಕ್ಕೇ ಇಮ್ಮಡಿ ಸಾಮರ್ಥ್ಯದ್ದು. ಫಿಲ್ಟರನ್ನು ಪೈಪಿನ ಬಾಯಿಯಷ್ಟೇ ಕತ್ತರಿಸಿ ತುರುಕಿದರೆ ಉಸಿರುಗಟ್ಟುತ್ತದೆ. ಒಂದಡಿ ಚೌಕದ ಪೆಟ್ಟಿಗೆ ಮಾಡಿ ಅದರ ಇಡೀ ಅಗಲಕ್ಕೆ ಫಿಲ್ಟರ್ ಹಾಕಿ. ಮಾಮೂಲಿ ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದಕ್ಕೆ ಜೋಡಿಸಿದರೆ ಮೋಟರ್ ಗುಂಯ್‌ಗುಡುತ್ತದೆ, ಆ ಸದ್ದಿಗೇ ಮನೆಯವರು ಎರಡನೇ ದಿನ ಆಫ್ ಮಾಡುತ್ತಾರೆ. ಡಿ.ಸಿ. ಮೋಟರಿನ ಫ್ಯಾನ್ ತಗೊಳ್ಳಿ.

ಗೋಡೆಗೆ ಕೋರ್ ಕಟಿಂಗ್ (ಯಂತ್ರದಿಂದ ದುಂಡಗೆ ಕೊರೆಯುವುದು) ಮಾಡಿಸಿ, ಸುತ್ತಿಗೆ ಉಳಿ ಬೇಡ. ಪೈಪು ಹೊರಬದಿಗೆ ಅಡಿಗೆ ಒಂದು ಸೆಂಟಿಮೀಟರಿನಂತೆ ಇಳಿಜಾರಾಗಿರಲಿ. ಮಟ್ಟವಾಗಿ ಕೂರಿಸಿದರೆ ಮುಂಗಾರಿನ ಇರಚಲು ಒಳಗೋಡೆಯಲ್ಲಿ ಇಳಿಯುತ್ತದೆ. ಕಂಬ, ತೊಲೆ ಮುಟ್ಟಬೇಡಿ. ಬೆಂಗಳೂರಿನ ಹಲವು ಹೊಸ ಅಪಾರ್ಟ್‌ಮೆಂಟ್‌ಗಳು ಮೈವಾನ್ ಪದ್ಧತಿಯವು, ಅಂದರೆ ಗೋಡೆಗಳೆಲ್ಲ ಭಾರ ಹೊರುವ ಕಾಂಕ್ರೀಟ್. ಅಂಥಲ್ಲಿ ಕೊರೆಯುವ ಮಾತೇ ಬೇಡ. ಅಲ್ಲಿಗೂ ಬಾಡಿಗೆ ಮನೆಗೂ ಒಂದೇ ದಾರಿ: ಕಿಟಕಿಯ ಒಂದು ಗಾಜು ತೆಗೆದು ಅದೇ ಅಳತೆಯ 6 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಕೂರಿಸಿ ಅದರಲ್ಲಿ ತೂತು ಮಾಡುವುದು. ಮನೆ ಬಿಡುವಾಗ ಗಾಜು ವಾಪಸ್ ಹಾಕಿದರಾಯಿತು. ಗಾಳಿ ಎಳೆಯುವ ಬಾಯಿ ಟಾಯ್ಲೆಟ್ ಪೈಪು, ಅಡುಗೆಮನೆಯ ಚಿಮಣಿ, ಜನರೇಟರ್ ಹೊಗೆಕೊಳವೆಗಳಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ.

ಎಷ್ಟು ಗಾಳಿ ಬರುತ್ತಿದೆ ಎಂದು ಅಳೆಯಲು ದುಬಾರಿ ಉಪಕರಣ ಬೇಡ. 100 ಲೀಟರಿನ ಕಸದ ಚೀಲವನ್ನು ಪೂರ್ತಿ ಹಿಂಡಿ ಚಪ್ಪಟೆ ಮಾಡಿ, ಬಾಯನ್ನು ಗಾಳಿ ಬರುವ ಕಿಂಡಿಗೆ ಗಟ್ಟಿಯಾಗಿ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಎಂಟೂವರೆ ಸೆಕೆಂಡಾದರೆ ಗಂಟೆಗೆ 42 ಘನ ಮೀಟರ್. ಆರು ಸೆಕೆಂಡಾದರೆ 60.

ಕರೆಂಟು ಬಿಲ್ಲಿನ ಭಯ ಎಲ್ಲರಿಗೂ. ಎ.ಸಿ. ಹಾಕಿದ ಕೋಣೆಗೆ 42 ಘನ ಮೀಟರ್ ಹೊರಗಾಳಿ ತಂದರೆ, ಮಂಗಳೂರಿನ ಜಿಗುಟು ಸೆಕೆಯಲ್ಲೂ ಎಂಟು ಗಂಟೆಗೆ ಹೆಚ್ಚುವರಿ ಒಂದು ಯೂನಿಟ್ಟಿನ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಗಾಳಿಯ ತೇವ ಇಳಿಸಲು ಹೋಗುತ್ತದೆ. ಬೆಂಗಳೂರಿನಲ್ಲಿ ಕಾಲು ಯೂನಿಟ್ಟಿನ ಹತ್ತಿರ.

ಅಡುಗೆಮನೆ, ಸೊಳ್ಳೆಬತ್ತಿ

ಒಂದು ಕಿಲೋ ಎಲ್‌ಪಿಜಿ ಉರಿದರೆ ಮೂರು ಕಿಲೋ ಕಾರ್ಬನ್ ಡೈಆಕ್ಸೈಡ್, ಒಂದೂವರೆ ಕಿಲೋಗೂ ಹೆಚ್ಚು ನೀರಾವಿ. ದೊಡ್ಡ ಒಲೆ ಪೂರ್ತಿ ಉರಿಯುವಾಗ ಗಂಟೆಗೆ 170 ಗ್ರಾಮಿನಷ್ಟು ಗ್ಯಾಸ್ ತಿನ್ನುತ್ತದೆ. ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ ಹದಿನೈದು ಜನ ಅಡುಗೆಮನೆಯಲ್ಲಿ ಕೂತು ಉಸಿರಾಡಿದ ಹಾಗೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 22 ಲೀಟರ್ ನೀರು ಆವಿಯಾಗಿ ಮನೆಯೊಳಗೆ ಸೇರಿರುತ್ತದೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬರುವುದಕ್ಕೆ ಮಳೆಯೊಂದೇ ಹೊಣೆಯಲ್ಲ. ಒಲೆ ಹಚ್ಚಿದಾಗ ಮೀಟರ್ ಏರಿದರೆ ಅದನ್ನು ಉಸಿರಿನ ಲೆಕ್ಕಕ್ಕೆ ಸೇರಿಸಬೇಡಿ. ಇಲ್ಲಿ ಚಿಂತೆ ಮಾಡಬೇಕಾದದ್ದು ಜೊತೆಗೇ ಬರುವ ನೈಟ್ರೋಜನ್ ಡೈಆಕ್ಸೈಡ್ ಮತ್ತು ಒಗ್ಗರಣೆಯ ಸೂಕ್ಷ್ಮ ಕಣಗಳ ಬಗ್ಗೆ.

ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಹಾಕಿ, ಆರಿಸಿದ ಹತ್ತು ನಿಮಿಷದ ನಂತರ ನಿಲ್ಲಿಸಿ. ಫ್ಯಾನಿನ ಪಕ್ಕದ ಕಿಟಕಿ ತೆರೆಯಬೇಡಿ. ಗಾಳಿ ಆ ಕಿಟಕಿಯಿಂದ ಬಂದು ನೇರ ಫ್ಯಾನಿಗೆ ಹೋಗುತ್ತದೆ, ಒಲೆಯ ಘಾಟು ಹಾಗೇ ಉಳಿಯುತ್ತದೆ. ಎದುರು ಬದಿಯಿಂದ ಗಾಳಿ ಬರಬೇಕು. ಪೈಪಿಲ್ಲದ, ಇದ್ದಿಲು ಫಿಲ್ಟರಿನ ಚಿಮಣಿ ಎಣ್ಣೆಜಿಡ್ಡನ್ನು ಹಿಡಿದು ಉಳಿದದ್ದನ್ನು ನಿಮ್ಮ ಮುಖಕ್ಕೇ ಬಿಡುತ್ತದೆ, ಅದಕ್ಕೆ ಚಿಮಣಿ ಎಂಬ ಹೆಸರೇ ಹೆಚ್ಚು.

ಸೊಳ್ಳೆಬತ್ತಿಯ ಬಗ್ಗೆ ಒಂದೇ ಮಾತು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಸುರುಳಿ ಉರಿದಾಗ ಹೊರಬಿದ್ದ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು ಕಂಡಿತು. ಮುಚ್ಚಿದ ಕೋಣೆಯಲ್ಲಿ ಅದನ್ನು ಹಚ್ಚುವುದಕ್ಕಿಂತ ಮಂಚಕ್ಕೆ ಸೊಳ್ಳೆಪರದೆ ಕಟ್ಟಿ ಕಿಟಕಿ ತೆರೆಯುವುದು ಎಷ್ಟೋ ಲೇಸು.

ಕಾರ್ಬನ್ ಮೊನಾಕ್ಸೈಡ್ ಬೇರೆಯದೇ ವಿಷಯ

ಹೆಸರು ಹೋಲುತ್ತದೆ ಅಷ್ಟೆ. ಮೊನಾಕ್ಸೈಡ್ ಕೊಲ್ಲುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಮೇಲೆ ಹೇಳಿದ ಯಾವ ಮೀಟರೂ ಅದನ್ನು ಕಾಣುವುದಿಲ್ಲ. ಮುಚ್ಚಿದ ಬಾತ್‌ರೂಮಿನೊಳಗಿನ ಗ್ಯಾಸ್ ಗೀಸರ್, ಮಲೆನಾಡು ಕೊಡಗಿನ ಚಳಿಯಲ್ಲಿ ಕೋಣೆಯೊಳಗೆ ಇಟ್ಟುಕೊಳ್ಳುವ ಕೆಂಡದ ಅಗ್ಗಿಷ್ಟಿಕೆ, ಇವೆರಡೇ ಮುಖ್ಯ ಮೂಲ. ಗೀಸರ್ ಬಾತ್‌ರೂಮಿನ ಹೊರಗೆ, ತೆರೆದ ಯುಟಿಲಿಟಿಯಲ್ಲಿರಬೇಕು, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಬರಬೇಕು. ಒಳಗೇ ಇದ್ದರೆ ಎಕ್ಸಾಸ್ಟ್ ಫ್ಯಾನ್ ರಕ್ಷಣೆಯಲ್ಲ. ಗಾಳಿ ಬರಲು ಕಿಂಡಿಯಿಲ್ಲದ ಕೋಣೆಯಲ್ಲಿ ಫ್ಯಾನ್ ಎಳೆದಾಗ ಗೀಸರಿನ ಹೊಗೆ ಅದರ ಕೊಳವೆಯಲ್ಲಿ ಹೊರಗೆ ಹೋಗುವ ಬದಲು ಹಿಂದಕ್ಕೆ, ಒಳಕ್ಕೇ ಬರಬಹುದು. ಮೇಲೆ ಬೇಡ ಎಂದದ್ದು ಇದಕ್ಕೆ.

ಗ್ಯಾಸ್ ಗೀಸರ್ ಇರುವ ಮನೆಗೆ ಇಎನ್ 50291 ಎಂಬ ಯುರೋಪಿನ ಮಾನದಂಡದ ಮೊನಾಕ್ಸೈಡ್ ಅಲಾರಂ ತನ್ನಿ. ಅದು 300 ಪಿಪಿಎಂ ಇದ್ದರೆ ಮೂರು ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದಲ್ಲಿ, 50 ಇದ್ದರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಕೂಗುತ್ತದೆ. ಒಳಗಿನ ಸೆನ್ಸರಿಗೆ ಆಯಸ್ಸು ಇದೆ, ಹಿಂಬದಿಯಲ್ಲಿ ಬರೆದ ವರ್ಷ ಮುಗಿದ ಮೇಲೆ ಪರೀಕ್ಷೆಯ ಬಟನ್ ಒತ್ತಿದಾಗ ಕೂಗಿದರೂ ಅದು ಬರೀ ಸ್ಪೀಕರಿನ ಪರೀಕ್ಷೆ. ಎಲ್‌ಪಿಜಿ ಸೋರಿಕೆಯ ಅಲಾರಂ ಇನ್ನೊಂದು ಯಂತ್ರ. ಆ ಅನಿಲ ನಿಜಕ್ಕೂ ನೆಲಕ್ಕಿಳಿಯುತ್ತದೆ, ಆದ್ದರಿಂದ ಅದನ್ನು ಸಿಲಿಂಡರಿನ ಬಳಿ ನೆಲದಿಂದ ಒಂದಡಿಯೊಳಗೆ ಹಾಕಬೇಕು.

ಸ್ನಾನಕ್ಕೆ ಹೋದವರಿಗೆ ತಲೆನೋವು, ಓಕರಿಕೆ, ಕಾಲಿನ ಬಲ ಉಡುಗಿದಂತೆ ಆದರೆ ಕೂತು ಸುಧಾರಿಸಿಕೊಳ್ಳಲು ಬಿಡಬೇಡಿ. ಬಾಗಿಲು ತೆರೆದು ಹೊರಗಾಳಿಗೆ ಕರೆತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ, ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ಮಾತ್ರ ನಿಜ ತಿಳಿಯುತ್ತದೆ.